ಬ್ರಿಟನ್ನಿನಲ್ಲಿ ಅರ್ಧ ದರದ ಕಾರ್ ಇನ್ಶೂರೆನ್ಸ್: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ನೀವು ಲೆಸ್ಟರ್‌ಗೆ ಬಂದು ಒಂದು ತಿಂಗಳು. ಹಳೆಯ ಕಾರೊಂದನ್ನು ನೋಡಿಟ್ಟಿದ್ದೀರಿ. ಭಾರತದ ಲೈಸೆನ್ಸ್ ಹಾಕಿದರೆ ಇನ್ಶೂರೆನ್ಸ್ ದರವೇ ಕಾರಿನ ಬೆಲೆಯ ಹತ್ತಿರ ಬರುತ್ತಿದೆ. ಮನೆಯಲ್ಲಿ ಜೊತೆಗಿರುವವರು, ಅರ್ಧ ದುಡ್ಡಿಗೆ ಮಾಡಿಸಿಕೊಡುತ್ತಾನೆ ಎಂದು ಒಬ್ಬನ ವಾಟ್ಸಾಪ್ ನಂಬರ್ ಕೊಟ್ಟಿದ್ದಾರೆ. ಇಲ್ಲಿ ಇನ್ಶೂರೆನ್ಸ್ ಮೋಸ ಅಷ್ಟು ಮಾಮೂಲೇ, ಎಲ್ಲರೂ ಮಾಡುತ್ತಾರಂತಲ್ಲ ಎಂದು ಕೇಳಿದ್ದೀರಿ. ಮೊದಲು ಒಂದು ಮಾತು: ಆ ನಂಬರಿಗೆ ದಯವಿಟ್ಟು ದುಡ್ಡು ಕಳಿಸಬೇಡಿ.

ಮೋಸ ಇದೆ, ಕಡಿಮೆಯೇನೂ ಇಲ್ಲ. ಇಲ್ಲಿನ ವಿಮಾ ಕಂಪನಿಗಳ ಸಂಘ ಎಬಿಐ ಕೊಟ್ಟ ಲೆಕ್ಕದಂತೆ 2023ರಲ್ಲಿ ಪತ್ತೆಯಾದ ಸುಳ್ಳು ಕ್ಲೇಮುಗಳು 84,400, ಅವುಗಳ ಮೊತ್ತ 110 ಕೋಟಿ ಪೌಂಡ್. ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ಸಂಬಂಧಿಸಿದವು. ಆದರೆ ಇದು ಸಿಕ್ಕಿಬಿದ್ದವರ ಲೆಕ್ಕ ಎನ್ನುವುದನ್ನು ನೆನಪಿಡಿ. ಹಳೆಯ ಕ್ಲೇಮುಗಳು, ವಾಹನಗಳ ಪಾಲಿಸಿ, ಲೈಸೆನ್ಸ್ ಎಲ್ಲಕ್ಕೂ ಕಂಪನಿಗಳು ಕೂಡಿ ನೋಡುವ ದಾಖಲೆಗಳಿವೆ. ಲಂಡನ್ ಸಿಟಿ ಪೊಲೀಸರಲ್ಲಿ 2012ರಿಂದ ಇದಕ್ಕೆಂದೇ ಒಂದು ವಿಭಾಗವಿದೆ.

ನಿಮಗೆ ಸಿಕ್ಕ ನಂಬರಿನವನು ನಡೆಸುವ ದಂಧೆಗೆ ಇಲ್ಲಿ ಘೋಸ್ಟ್ ಬ್ರೋಕಿಂಗ್ ಎನ್ನುತ್ತಾರೆ. ಅದು ಮೂರು ಬಗೆ. ಕೆಲವರು ಸರ್ಟಿಫಿಕೇಟನ್ನೇ ಕಂಪ್ಯೂಟರಿನಲ್ಲಿ ತಯಾರಿಸಿ ಕಳಿಸುತ್ತಾರೆ. ಕೆಲವರು ನಿಜವಾದ ಕಂಪನಿಯಲ್ಲಿ ನಿಜವಾದ ಪಾಲಿಸಿಯನ್ನೇ ಮಾಡಿಸುತ್ತಾರೆ, ಆದರೆ ನಿಮ್ಮ ವಯಸ್ಸು, ವಿಳಾಸ, ಉದ್ಯೋಗ, ಲೈಸೆನ್ಸ್ ಬಗೆ ಎಲ್ಲ ಸುಳ್ಳು. ದರ ಇಳಿಯುವುದು ಅದರಿಂದಲೇ. ಮೂರನೆಯವರು ಪಾಲಿಸಿಯನ್ನು ಸರಿಯಾಗಿ ಮಾಡಿಸಿ, ಕೂಲಿಂಗ್ ಆಫ್ ಎನ್ನುವ 14 ದಿನದ ಅವಧಿಯಲ್ಲಿ ರದ್ದು ಮಾಡಿ, ವಾಪಸ್ ಬಂದ ಹಣವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಮೋಟರ್ ಇನ್ಶೂರರ್ಸ್ ಬ್ಯೂರೋ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿ ನೋಡಿ, "ಇನ್ಶೂರೆನ್ಸ್ ಇದೆ" ಅಂತ ತೋರಿಸಿತು, ಹಾಗಾಗಿ ಸರಿಯಿದೆ ಎಂದು ನಂಬುವವರು ಬಹಳ. ಮೊದಲ ಬಗೆ ಅಲ್ಲಿ ಸಿಕ್ಕಿಬೀಳುತ್ತದೆ. ಎರಡನೆಯದು ಸಿಕ್ಕುವುದಿಲ್ಲ, ಮೂರನೆಯದು ರದ್ದಾಗುವ ತನಕ ಸಿಕ್ಕುವುದಿಲ್ಲ.

ಖಾತ್ರಿ ಮಾಡಿಕೊಳ್ಳುವ ದಾರಿ ಬೇರೆ. ಮಾರುವವನ ಹೆಸರು ಇಲ್ಲಿನ ಹಣಕಾಸು ವ್ಯವಹಾರಗಳ ನಿಯಂತ್ರಕ ಸಂಸ್ಥೆಯಾದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯ ರಿಜಿಸ್ಟರಿನಲ್ಲಿ ಇದೆಯೇ ನೋಡಿ. ಆಮೇಲೆ ಪಾಲಿಸಿ ಕೊಟ್ಟ ಕಂಪನಿಗೆ ನೀವೇ ಫೋನ್ ಮಾಡಿ. ಅವನು ಕಳಿಸಿದ ಕಾಗದದಲ್ಲಿರುವ ನಂಬರಿಗಲ್ಲ, ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ. ಹೆಸರು, ಹುಟ್ಟಿದ ದಿನ, ಕಾರು ರಾತ್ರಿ ನಿಲ್ಲುವ ವಿಳಾಸ, ಉದ್ಯೋಗ, ಲೈಸೆನ್ಸ್ ಯಾವ ದೇಶದ್ದು, ಎಷ್ಟು ವರ್ಷದ ನೋ ಕ್ಲೇಮ್ಸ್ ಬೋನಸ್ ಎಂದು ಬರೆದಿದ್ದಾರೆ, ಇವಿಷ್ಟನ್ನೂ ಒಂದೊಂದಾಗಿ ಓದಿಸಿಕೊಳ್ಳಿ. ಒಂದು ತಪ್ಪಿದ್ದರೂ ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಏಕೆಂದರೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪೊಲೀಸ್ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ; ಇನ್ಶೂರೆನ್ಸ್ ಇಲ್ಲವೆಂದು ಕಂಡರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಾಗಿ ಬೀಳುವ 6 ಪಾಯಿಂಟ್, ಕಾರನ್ನು ಅಲ್ಲೇ ಎತ್ತಿಕೊಂಡು ಹೋಗಬಹುದು. ಮುಂದೆ ಇಲ್ಲಿನ ಲೈಸೆನ್ಸ್ ಪಡೆದ ಮೇಲೆ, ಮೊದಲ 2 ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ.

ನನಗೆ ಹೆಚ್ಚು ಕಳವಳ ಇರುವುದು ಎಲ್ಲರೂ ಮಾಡುತ್ತಾರೆ ಎಂಬ ಸಣ್ಣ ಸುಳ್ಳುಗಳ ಬಗ್ಗೆ. ಹೊಸಬರು ಜಾರುವುದು ಇಲ್ಲೇ. ಕಾರು ನೀವು ದಿನಾ ಓಡಿಸುವುದು, ಆದರೆ ಅನುಭವಿ ಬಂಧುವೊಬ್ಬರನ್ನು ಮುಖ್ಯ ಚಾಲಕ ಎಂದು ಹಾಕಿ ನಿಮ್ಮನ್ನು ಎರಡನೆಯವರಾಗಿ ಸೇರಿಸುವುದು. ಇದಕ್ಕೆ ಫ್ರಂಟಿಂಗ್ ಎನ್ನುತ್ತಾರೆ. ದರ ಕಡಿಮೆ ಇರುವ ಊರಿನ ಸ್ನೇಹಿತರ ವಿಳಾಸ ಕೊಡುವುದು. ಕೆಲಸಕ್ಕೆ ಓಡಾಡುತ್ತಿದ್ದರೂ ಬರೀ ಸ್ವಂತ ಓಡಾಟ ಎಂದು ಬರೆಯುವುದು. ಸಂಜೆ ಊಟದ ಡೆಲಿವರಿ ಮಾಡಿ ಅದನ್ನು ಹೇಳದಿರುವುದು. ಸಾಮಾನ್ಯ ಪಾಲಿಸಿ ಡೆಲಿವರಿಗೆ ಅನ್ವಯಿಸುವುದಿಲ್ಲ, ಹೈರ್ ಅಂಡ್ ರಿವಾರ್ಡ್ ಕವರ್ ಬೇರೆಯೇ ತೆಗೆದುಕೊಳ್ಳಬೇಕು.

ವಿಮೆ ಮಾಡಿಸುವಾಗ ಗ್ರಾಹಕರು ಕೊಡುವ ಮಾಹಿತಿಯ ಬಗೆಗಿನ 2012ರ ಕಾಯ್ದೆ ಇವನ್ನು ಎರಡಾಗಿ ನೋಡುತ್ತದೆ. ಅಜಾಗರೂಕತೆಯಿಂದ ತಪ್ಪಿದರೆ ಕ್ಲೇಮನ್ನು ಕಡಿತಗೊಳಿಸಬಹುದು: 1,200 ಪೌಂಡ್ ಕಟ್ಟಬೇಕಿದ್ದ ಕಡೆ 600 ಕಟ್ಟಿದ್ದರೆ ಅರ್ಧ ಮಾತ್ರ ಕೈಗೆ ಬರುತ್ತದೆ. ಬೇಕೆಂದೇ ಹೇಳಿದ ಸುಳ್ಳಾದರೆ ಪಾಲಿಸಿ ಮೊದಲ ದಿನದಿಂದಲೇ ಇಲ್ಲವಾಗುತ್ತದೆ, ಕಟ್ಟಿದ ಪ್ರೀಮಿಯಂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಎದುರಿನವರಿಗೆ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಲೂಬಹುದು. ಪೊಲೀಸ್ ಕೇಸಾಗಿ ಶಿಕ್ಷೆಯಾದರೆ ನಾಳೆ ಇಲ್ಲೇ ನೆಲೆಸುವ ಅರ್ಜಿಯಲ್ಲೂ ಅದನ್ನು ತೋರಿಸಲೇಬೇಕು. ನೂರಾರು ಪೌಂಡ್ ಉಳಿಸಲು ಹೋಗಿ ವೀಸಾ ಪಣಕ್ಕಿಡುವ ಕೆಲಸ ಇದು.

ಕ್ಲೇಮಿನಲ್ಲೂ ಅಷ್ಟೇ. ಮನೆಗೆ ಕಳ್ಳ ಬಂದು ಲ್ಯಾಪ್‌ಟಾಪ್ ಹೋಯಿತು, ಜೊತೆಗೆ ಇಲ್ಲದ ವಾಚನ್ನೂ ಸೇರಿಸಿ ಬರೆದರೆ, ವಾಚಿನ ಹಣ ಮಾತ್ರವಲ್ಲ, ಲ್ಯಾಪ್‌ಟಾಪಿನದೂ ಹೋಗುತ್ತದೆ.

ಇನ್ನು ನಿಮಗೇ ಮೋಸ ಮಾಡಲು ಬರುವವರು. ಕ್ರ್ಯಾಶ್ ಫಾರ್ ಕ್ಯಾಶ್, ಅಂದರೆ ಬೇಕೆಂದೇ ಅಪಘಾತ ಮಾಡಿಸಿ ಕ್ಲೇಮಿನ ಹಣ ಹೊಡೆಯುವುದು, ಹೀಗೆ ನಡೆಯುತ್ತದೆ: ರೌಂಡಬೌಟಿನ ಬಾಯಲ್ಲಿ ಮುಂದಿನ ಕಾರು ಹೊರಡುತ್ತದೆ, ನೀವು ಬಲಕ್ಕೆ ನೋಡಿ ಹಿಂದೆಯೇ ಹೊರಡುತ್ತೀರಿ, ಅದು ಕಾರಣವಿಲ್ಲದೆ ಗಕ್ಕನೆ ನಿಲ್ಲುತ್ತದೆ. ಬ್ರೇಕ್ ಲೈಟನ್ನು ಮೊದಲೇ ಕೆಡಿಸಿರುವುದೂ ಉಂಟು. ಹಿಂದಿನಿಂದ ಗುದ್ದಿದವರದೇ ತಪ್ಪು ಎಂದು ಸಾಮಾನ್ಯವಾಗಿ ಹಿಡಿಯುವುದರಿಂದಲೇ ಈ ಆಟ. ಇಳಿದು ಬಂದವನು ಗಾಬರಿಯಾಗದೆ, ತನ್ನ ಇನ್ಶೂರೆನ್ಸ್ ವಿವರವನ್ನು ಮೊದಲೇ ಬರೆದಿಟ್ಟ ಚೀಟಿಯನ್ನು ಕೊಟ್ಟರೆ ಅನುಮಾನಪಡಿ. ಇನ್ನೊಂದು ಬಗೆಯಲ್ಲಿ ಹೆಡ್‌ಲೈಟ್ ಮಿನುಗಿಸಿ ನಿಮಗೆ ದಾರಿ ಬಿಟ್ಟಂತೆ ಮಾಡಿ, ನೀವು ಹೊರಟ ಮೇಲೆ ತಂದು ಗುದ್ದುತ್ತಾರೆ.

ಅಲ್ಲಿ ಜಗಳ ಬೇಡ, ತಪ್ಪೊಪ್ಪಿಗೆಯೂ ಬೇಡ. ಆ ಕಾರಿನೊಳಗೆ ಎಷ್ಟು ಜನ ಇದ್ದಾರೆ ಎಂದು ಮೊದಲು ಎಣಿಸಿ, ಫೋಟೋ ತೆಗೆಯಿರಿ. ಒಬ್ಬನೇ ಇದ್ದ ಕಾರಿಗೆ ಆಮೇಲೆ ಕುತ್ತಿಗೆ ನೋವೆಂದು ಪರಿಹಾರ ಕೇಳುವ ಮೂವರು ಹುಟ್ಟಿಕೊಳ್ಳುವುದುಂಟು. ನಂಬರ್ ಪ್ಲೇಟ್, ಎರಡೂ ಕಾರು ನಿಂತ ರೀತಿ, ಡ್ಯಾಮೇಜ್, ಸಾಕ್ಷಿಗಳ ಫೋನ್ ನಂಬರ್ ಇಟ್ಟುಕೊಳ್ಳಿ. ನಿಮ್ಮ ಕಂಪನಿಗೆ ಅನುಮಾನವನ್ನು ಬಾಯಿಬಿಟ್ಟು ಹೇಳಿ. ಡ್ಯಾಶ್‌ಕ್ಯಾಮ್ ಒಂದು ಹಾಕಿಸಿಬಿಡಿ.

ದರ ಇಳಿಸಲು ನೇರ ದಾರಿಗಳಿವೆ: ಚಿಕ್ಕ ಎಂಜಿನಿನ ಕಾರು, ನೀವು ಓಡಿಸುವ ರೀತಿಯನ್ನು ದಾಖಲಿಸುವ ಸಾಧನವನ್ನು ಕಾರಿಗೆ ಹಾಕುವ ಬ್ಲ್ಯಾಕ್ ಬಾಕ್ಸ್ ಪಾಲಿಸಿ, ತಿಂಗಳ ಕಂತಿನ ಬದಲು ಒಂದೇ ಸಲ ಕಟ್ಟುವುದು. ಎಲ್ಲಕ್ಕಿಂತ ಮುಖ್ಯ ಇಲ್ಲಿನ ಲೈಸೆನ್ಸ್. ಇಲ್ಲಿ ನೆಲೆಸಲು ಬಂದ ದಿನದಿಂದ 12 ತಿಂಗಳು ಮಾತ್ರ ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದು, ಅದನ್ನು ಕೊಟ್ಟು ಇಲ್ಲಿನದು ಪಡೆಯಲು ಬರುವುದಿಲ್ಲ. ಪ್ರೊವಿಷನಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಈಗಲೇ ಅರ್ಜಿ ಹಾಕಿ. ಪ್ರಾಕ್ಟಿಕಲ್ ಟೆಸ್ಟಿನ ದಿನಾಂಕ ಸಿಗುವುದೇ ಕಷ್ಟ.

ಒಂದು ವೇಳೆ ಆ ವಾಟ್ಸಾಪ್‌ನವನಿಗೆ ಆಗಲೇ ದುಡ್ಡು ಹೋಗಿದ್ದರೆ, ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ಮೋಸವೆಂದು ದಾಖಲಿಸಿ, ಇನ್ಶೂರೆನ್ಸ್ ಫ್ರಾಡ್ ಬ್ಯೂರೋಗೆ ತಿಳಿಸಿ. ಅವನ ಮೆಸೇಜುಗಳನ್ನು ಅಳಿಸಬೇಡಿ. ನಿಮ್ಮ ಲೈಸೆನ್ಸ್, ಪಾಸ್‌ಪೋರ್ಟ್ ಫೋಟೋ ಅವನ ಬಳಿ ಇದ್ದರೆ ಅದನ್ನೂ ಬ್ಯಾಂಕಿಗೆ ಹೇಳಿ. ಅದೇ ಕಾಗದ ಇಟ್ಟುಕೊಂಡು ನಿಮ್ಮ ಹೆಸರಿನಲ್ಲಿ ಇನ್ನೊಬ್ಬರಿಗೆ ಪಾಲಿಸಿ ಮಾಡಿಸಬಹುದು.