ಮೇಷ್ಟ್ರ ಮೇಜು: ಪಕ್ಕದ ಮನೆ ಎಮ್ಮೆಯೂ ಪಿಎಚ್.ಡಿ. ಇಂಗ್ಲಿಷೂ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು ನಾನು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಈ ವರ್ಷ ಪಿಎಚ್.ಡಿ.ಗೆ ಸೇರಿದ್ದೇನೆ. ಇನ್ನು ಏಳು ವಾರಕ್ಕೆ ಕೋರ್ಸ್‌ವರ್ಕ್ (ಸಂಶೋಧನೆಗೆ ಮುಂಚಿನ ಪಾಠಗಳ) ಪರೀಕ್ಷೆ. ಅದರಲ್ಲಿ ಅಕಾಡೆಮಿಕ್ ರೈಟಿಂಗ್ ಅಂತ ಮೂರು ಗಂಟೆಯ ಒಂದು ಪೇಪರ್ ಇದೆ. ಕೊಟ್ಟ ಭಾಗದ ಸಮ್ಮರಿ, ಇನ್ನೊಂದರ ಪ್ಯಾರಾಫ್ರೇಸ್ (ಅದನ್ನೇ ನಮ್ಮ ಮಾತಿನಲ್ಲಿ ಬರೆಯುವುದು), ಒಂದು ಅಬ್‌ಸ್ಟ್ರ್ಯಾಕ್ಟ್ (ಸಂಶೋಧನಾ ಲೇಖನದ ತಲೆಯಲ್ಲಿ ಬರುವ ಸಾರ), ಕೊನೆಗೆ ಪ್ರಬಂಧ. ಇಂಟರ್ನಲ್ ಟೆಸ್ಟಿನಲ್ಲಿ 50ಕ್ಕೆ 19 ಬಂತು. ಪ್ರಬಂಧದ ಮಾರ್ಜಿನ್ನಿನಲ್ಲಿ ಮೂರು ಕಡೆ ಕೆಂಪು ಇಂಕಿನಲ್ಲಿ 'ಹೂ ಸೇಸ್?' (ಯಾರು ಹೇಳಿದ್ದು?) ಅಂತ ಬರೆದಿದ್ದಾರೆ. ಆ ಪುಟದ, ಪ್ಯಾರಾಫ್ರೇಸ್ ಪುಟದ ಫೋಟೊ ಕಳಿಸಿದ್ದೇನೆ. ನನ್ನ ಇಂಗ್ಲಿಷ್ ತೀರಾ ಸಾದಾ ಆಯಿತೇನೋ ಅಂದುಕೊಂಡು ದಿನಕ್ಕೆ ಇಪ್ಪತ್ತು ದೊಡ್ಡ ಪದ ಬಾಯಿಪಾಠ ಮಾಡುತ್ತಿದ್ದೇನೆ. ಅಷ್ಟು ಸಾಕಾ?
— ಹೆಸರು ಬೇಡ, ಚಳ್ಳಕೆರೆ

ಉತ್ತರ: ಫೋಟೊ ನೋಡಿದೆನಮ್ಮ. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ನಿನ್ನ ಇಂಗ್ಲಿಷ್ ಸಾದಾ ಆಗಿರುವುದು ತಪ್ಪಲ್ಲ. ಕೆಂಪು ಇಂಕು ಕೇಳುತ್ತಿರುವ ಪ್ರಶ್ನೆಯೇ ಬೇರೆ. ನೀನು ಅದಕ್ಕೆ ಪದಗಳಿಂದ ಉತ್ತರ ಕೊಡಲು ಹೊರಟಿದ್ದೀಯ.

ನಿನ್ನ ಮೊದಲ ವಾಕ್ಯವನ್ನು ಕನ್ನಡದಲ್ಲಿ ಹೇಳುತ್ತೇನೆ: 'ಇತ್ತೀಚಿನ ದಿನಗಳಲ್ಲಿ ಪಾರ್ಥೇನಿಯಂ ಭಾರತದ ಇಡೀ ಕೃಷಿಯನ್ನೇ ನಾಶ ಮಾಡುತ್ತಿದೆ.' ಇಡೀ ಕೃಷಿಯನ್ನೇ? ನಿಮ್ಮೂರಿನ ಶೇಂಗಾ ಹೊಲ ಈ ಸಲ ಬೆಳೆ ಕೊಟ್ಟಿಲ್ಲವೇ? ಇತ್ತೀಚೆಗೆ ಅಂದರೆ ಯಾವಾಗಿನಿಂದ? ಆ ಗಿಡ ಪುಣೆಯ ಸುತ್ತಮುತ್ತ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ನಾನು ಹುಡುಗನಾಗಿದ್ದಾಗಲೇ ನಮ್ಮ ಸ್ಕೂಲಿನ ಬೇಲಿಗುಂಟ ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆದಿರುತ್ತಿತ್ತು. ಅದನ್ನು ಕಿತ್ತು ಕೈಯೆಲ್ಲ ತುರಿಸಿಕೊಂಡು ಮನೆಗೆ ಹೋಗುತ್ತಿದ್ದೆವು. ನಿನ್ನ ಪರೀಕ್ಷಕರು 'ಯಾರಮ್ಮ ಹೇಳಿದ್ದು?' ಎಂದು ಕೇಳಿದ್ದು ಇದನ್ನೇ.

ಈಗ ಇಂಗ್ಲಿಷ್ ಬಿಡು, ಪಕ್ಕದ ಮನೆಯ ಎಮ್ಮೆಗೆ ಬರೋಣ. 'ಎಮ್ಮೆ ಈದಿದೆ' ಅಂದರೆ ಕರುವನ್ನು ನೀನೇ ಹೋಗಿ ನೋಡಿ ಬಂದಿದ್ದೀಯ. 'ಈದಿದೆಯಂತೆ' ಅಂದರೆ ಯಾರೋ ಹೇಳಿದರು, ನೀನು ನೋಡಿಲ್ಲ. ಬೆಳಿಗ್ಗೆ ಅವರ ಮನೆಯಿಂದ ಒಂದು ಲೋಟ ಗಿಣ್ಣು ಬಂತು ಅನ್ನು, ಆಗ 'ಈದಿರಬೇಕು' ಅನ್ನುತ್ತೀಯ. ಗಿಣ್ಣೂ ಬಂದಿಲ್ಲ, ತಿಂಗಳ ಲೆಕ್ಕ ಮಾತ್ರ ಗೊತ್ತಿದ್ದರೆ 'ಈದಿರಬಹುದು'. ಹಳ್ಳಿಯ ಮುದುಕಿ ಕೂಡ ಈ ನಾಲ್ಕನ್ನು ಒಂದಕ್ಕೊಂದು ಅದಲುಬದಲು ಮಾಡುವುದಿಲ್ಲ. ನೋಡಿದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು ಎಂಬುದನ್ನು ನಮ್ಮ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ.

ಅಕಾಡೆಮಿಕ್ ಇಂಗ್ಲಿಷ್ ಅಂದರೆ ಬಹುಪಾಲು ಇಷ್ಟೇ. ಆ ಭಾಷೆಯಲ್ಲಿ ಕ್ರಿಯಾಪದಕ್ಕೆ 'ಅಂತೆ' ಅಂಟಿಸಲು ಬರುವುದಿಲ್ಲ, ಹಾಗಾಗಿ ಆ ಕೆಲಸವನ್ನು ಬೇರೆ ಬೇರೆ ಪದಗಳು ಮಾಡುತ್ತವೆ. ನಿನ್ನ ಪ್ರಯೋಗದ ತಾಕಿನಲ್ಲಿ ನೀನೇ ಎಣಿಸಿದ್ದಾದರೆ 'ವಿ ಅಬ್ಸರ್ವ್ಡ್'. ಇನ್ನೊಬ್ಬರ ಲೇಖನದ್ದಾದರೆ ಅವರ ಹೆಸರು, ವರ್ಷ, ಜೊತೆಗೆ 'ರಿಪೋರ್ಟ್'. ಅದೇ ನಿನ್ನ 'ಅಂತೆ'. ಗಿಣ್ಣು ಬಂದಂಥ ಸಾಕ್ಷಿ ಇದ್ದರೆ 'ಸಜೆಸ್ಟ್' ಅಥವಾ 'ಇಂಡಿಕೇಟ್'. ಬರೀ ತಿಂಗಳ ಲೆಕ್ಕವಾದರೆ 'ಮೇ'. 'ಪ್ರೂವ್' ಅನ್ನುವ ಪದವನ್ನು ಗಣಿತದವರಿಗೆ ಬಿಟ್ಟುಕೊಡು. ಯಾರದೋ ಮಾತು ನಿನಗೆ ಒಪ್ಪಿಗೆಯಿಲ್ಲವಾದರೆ 'ಕ್ಲೇಮ್' ಬಳಸು. ಒಪ್ಪಿಗೆಯಿದ್ದಾಗಲೂ ಅದನ್ನೇ ಬಳಸಿದರೆ ಓದುವವರಿಗೆ ನೀನು ಮೂಗು ಮುರಿದಂತೆ ಕಾಣುತ್ತದೆ.

ಆ ಮೊದಲ ವಾಕ್ಯವನ್ನು ಈ ಕಣ್ಣಿನಿಂದ ತಿದ್ದಿದರೆ ಹೀಗಾಗುತ್ತದೆ: 'ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಪಾರ್ಥೇನಿಯಂ 1950ರ ದಶಕದಿಂದ ಭಾರತದಲ್ಲಿ ಹರಡಿದೆ. ಅದರ ಪಾರ್ಥೆನಿನ್ ಎಂಬ ರಾಸಾಯನಿಕ ಅಕ್ಕಪಕ್ಕದ ಬೀಜಗಳ ಮೊಳಕೆಯನ್ನು ತಡೆಯಬಹುದು.' ಎರಡನೆಯ ವಾಕ್ಯದ ಕೊನೆಗೆ, ನೀನು ಓದಿದ ಲೇಖನದ ಲೇಖಕರ ಹೆಸರು ಮತ್ತು ವರ್ಷ. ದೊಡ್ಡ ಪದ ಒಂದಾದರೂ ಬೇಕಾಯಿತಾ?

ಈ ಮಾತು ನನಗೂ ಹುಟ್ಟುತ್ತಲೇ ಬಂದದ್ದಲ್ಲ. ಎಂ.ಫಿಲ್. ಮಾಡುವಾಗ ಮೊದಲ ಅಧ್ಯಾಯವನ್ನು ಬಹಳ ಅಲಂಕಾರ ಮಾಡಿ ಒಯ್ದೆ. ನಮ್ಮ ಗೈಡ್ ಕಾಫಿ ಲೋಟವನ್ನು ಅದರ ಮೇಲೇ ಇಟ್ಟುಕೊಂಡು ಓದಿದರು. ಕೊನೆಗೆ 'ಚೆನ್ನಾಗಿದೆ ಕಣಯ್ಯ, ಮದುವೆ ಕಾಗದ ಇದ್ದ ಹಾಗಿದೆ' ಅಂದರು. ಹಾಳೆಯ ಮೇಲೆ ದುಂಡನೆಯ ಕಾಫಿ ಕಲೆ ಉಳಿಯಿತು. ಅಲಂಕಾರ ಒಂದೂ ಉಳಿಯಲಿಲ್ಲ.

ಇನ್ನು ನಿನ್ನ ಪದಪಟ್ಟಿ. ಫೋಟೊದ ಮೂಲೆಯಲ್ಲಿ ಕಂಡಿತು. ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಅದು, 570 ಪದಕುಟುಂಬಗಳು (ಒಂದು ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ). ಪಟ್ಟಿ ಒಳ್ಳೆಯದೇ. ದಿನಕ್ಕೆ ಇಪ್ಪತ್ತರಂತೆ ಒಂದು ತಿಂಗಳೊಳಗೆ ಮುಗಿಸಿಯೂ ಬಿಡುತ್ತೀಯ. ಆದರೆ ಹೆಣ್ಣು ನೋಡಲು ಹೋದವರು ಹುಡುಗಿಯ ಹೆಸರು ಮಾತ್ರ ಕೇಳಿಕೊಂಡು ಬಂದ ಹಾಗಾಗುತ್ತದೆ. ಆ ಪದ ಯಾರ ಜೊತೆ ಕೂರುತ್ತದೆ, ಅದರ ಹಿಂದೆ ಮುಂದೆ ಏನು ಬರುತ್ತದೆ ಎಂಬುದು ಪಟ್ಟಿಯಲ್ಲಿಲ್ಲ. 'ಸಿಗ್ನಿಫಿಕೆಂಟ್' ಅನ್ನುವುದನ್ನೇ ತಗೋ. ನೀನು ಅದನ್ನು 'ತುಂಬಾ' ಅನ್ನುವ ಅರ್ಥದಲ್ಲಿ ನಾಲ್ಕು ಕಡೆ ಬಳಸಿದ್ದೀಯ. ವಿಜ್ಞಾನದವರು ಅದನ್ನು ಓದಿದ ಕೂಡಲೇ ಸಂಖ್ಯಾಶಾಸ್ತ್ರದ ಟೆಸ್ಟ್ ಎಲ್ಲಿ ಅಂತ ಹುಡುಕುತ್ತಾರೆ. ಪಟ್ಟಿಯ ಬದಲು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ನೋಡು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಬಿಡಿ ಪದ ಅಲ್ಲ, ವಾಕ್ಯದ ಅಚ್ಚುಗಳೇ ಇವೆ: ಹಿಂದಿನವರು ಹೇಳಿದ್ದನ್ನು ಎತ್ತಿಕೊಳ್ಳುವುದು ಹೇಗೆ, ಒಪ್ಪದಿದ್ದರೆ ಮರ್ಯಾದೆಯಿಂದ ಹೇಳುವುದು ಹೇಗೆ, ಹೀಗೆ.

ಪ್ಯಾರಾಫ್ರೇಸ್ ಪ್ರಶ್ನೆಯಲ್ಲಿ ನೀನು ಮಾಡಿದ್ದು ಎಲ್ಲರೂ ಮಾಡುವುದೇ. ಮೂಲದ ವಾಕ್ಯ ಹಾಗೇ ಇಟ್ಟುಕೊಂಡು, ಐದು ಪದ ಕಿತ್ತು ಐದು ಸಮಾನಾರ್ಥಕ ಪದ ನೆಟ್ಟಿದ್ದೀಯ. ಹಳೇ ಸೀರೆಗೆ ಹೊಸ ಫಾಲ್ಸ್ ಹಚ್ಚಿದ ಹಾಗೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಥೀಸಿಸ್ಸಿನಲ್ಲಿ ಅದಕ್ಕಿಂತ ದೊಡ್ಡದೇ ಹೋಗುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ತಂದ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತೆಯೇ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಹಾಗಾಗಿ ಇದನ್ನು ಈಗಲೇ ಸರಿಮಾಡಿಕೋ.

ಮಾಡುವುದು ಹೀಗೆ. ಪ್ಯಾರಾವನ್ನು ಎರಡು ಸಲ ಓದು, ಹಾಳೆ ಮಗುಚಿಡು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಕನ್ನಡದಲ್ಲಿ ಹೇಳು. ಅಮ್ಮ 'ಹಂಗಂದ್ರೆ?' ಅಂತ ಕೇಳಿದ ಜಾಗದಲ್ಲಿ ನಿನಗೂ ಅರ್ಥವಾಗಿಲ್ಲ ಅಂತ ಲೆಕ್ಕ. ಅಲ್ಲಿಗೆ ವಾಪಸ್ ಹೋಗಿ ಓದು. ಪೂರಾ ಹೇಳಲು ಬಂದ ಮೇಲೆ, ಮೂಲ ನೋಡದೆ ಇಂಗ್ಲಿಷಿನಲ್ಲಿ ಬರೆ. ಕೊನೆಗೆ ಮೂಲ ತೆಗೆದು ಅಂಕಿ, ಹೆಸರು ಸರಿಯಿದೆಯಾ ನೋಡಿಕೋ. ಸಮ್ಮರಿಗೂ ಇದೇ ದಾರಿ, ಎಷ್ಟು ಪದ ಕೇಳಿದ್ದಾರೆ ಎಂಬುದೊಂದನ್ನು ಮರೆಯಬೇಡ.

ಇಲ್ಲೊಂದು ಗುಂಡಿ ಇದೆ. ಕನ್ನಡದಲ್ಲಿ ಹೇಳಿದ್ದನ್ನು ಅದೇ ಸಾಲಿನಲ್ಲಿ ಇಂಗ್ಲಿಷಿಗೆ ಇಳಿಸಲು ಹೋದರೆ ಎಡವುತ್ತೀಯ. 'ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ, ಪಾರ್ಥೇನಿಯಂ ಎಲೆಯನ್ನೇ ತಿಂದು ಬದುಕುವ ದುಂಬಿ' ಅಂತ ನಾವು ಮೆರವಣಿಗೆಯನ್ನೆಲ್ಲ ಮುಂದೆ ಕಳಿಸಿ ದುಂಬಿಯನ್ನು ಕೊನೆಗೆ ತರುತ್ತೇವೆ. ಇಂಗ್ಲಿಷಿನಲ್ಲಿ ದುಂಬಿ ಮೊದಲು ಬರಬೇಕು, ಕ್ರಿಯಾಪದ ಅದರ ಬೆನ್ನಿಗೇ, ಮೆರವಣಿಗೆ ಆಮೇಲೆ. ನಿನ್ನ ಮೂರನೇ ಪ್ಯಾರಾದಲ್ಲಿ ಒಂದು ವಾಕ್ಯಕ್ಕೆ 61 ಪದ ಇವೆ, ನಾನು ಬೆರಳಿಟ್ಟು ಎಣಿಸಿದೆ. ಅದನ್ನು ಮೂರು ಮಾಡು.

'ಎ' ಮತ್ತು 'ದಿ' ವಿಷಯಕ್ಕೆ ಗ್ರಾಮರ್ ಪುಸ್ತಕದ ಹತ್ತು ಪುಟ ಬೇಡ. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಹೆಂಡಿರು.' ಮೊದಲ ಸಲ 'ಒಬ್ಬ', ಪರಿಚಯವಾದ ಮೇಲೆ 'ಆ'. ಮುಕ್ಕಾಲು ಪಾಲು ಜಾಗಕ್ಕೆ ಇದು ಸಾಕು. ಉಳಿದ ಕಾಲು ಪಾಲಿನಲ್ಲಿ ನಾನೂ ಆಗಾಗ ತಪ್ಪುತ್ತೇನೆ.

ಏಳು ವಾರಕ್ಕೆ ಟೈಮ್‌ಟೇಬಲ್ ಹಾಕಿಕೊಡಲು ನಾನು ಟ್ಯೂಷನ್ನಿನವನಲ್ಲ. ವಾರಕ್ಕೆ ಮೂರು ದಿನ, ನಿನ್ನದೇ ವಿಷಯದ ಒಂದು ಲೇಖನದ ಅಬ್‌ಸ್ಟ್ರ್ಯಾಕ್ಟ್ ಮುಚ್ಚಿಟ್ಟು, ಒಳಗಿನ ಭಾಗ ಓದಿ, 200 ಪದದಲ್ಲಿ ನೀನೇ ಬರೆದು ಅವರದರ ಪಕ್ಕ ಇಟ್ಟು ನೋಡು. ಏಕೆ ಮಾಡಿದರು, ಹೇಗೆ ಮಾಡಿದರು, ಏನು ಸಿಕ್ಕಿತು, ಅದರಿಂದ ಏನಾಯಿತು — ಈ ನಾಲ್ಕೂ ಬಂದಿರಬೇಕು. ಹೆಚ್ಚಿನವರು 'ಏಕೆ'ಯಲ್ಲೇ ಅರ್ಧ ಜಾಗ ತಿಂದು 'ಏನು ಸಿಕ್ಕಿತು' ಅನ್ನುವುದಕ್ಕೆ ಒಂದು ಸಾಲು ಉಳಿಸುತ್ತಾರೆ. ಮತ್ತೆ, ಎಲ್ಲವನ್ನೂ ಪೆನ್ನಿನಲ್ಲೇ ಬರೆ. ಮೂರು ಗಂಟೆ ಕೈಯಲ್ಲಿ ಬರೆಯುವುದು ಮೊಬೈಲಿನಲ್ಲಿ ಟೈಪಿಸಿದ ಬೆರಳಿಗೆ ಆಗುವ ಕೆಲಸವಲ್ಲ. ಕೊನೆಯ ಹದಿನೈದು ನಿಮಿಷ ತಿದ್ದಲು ಇಟ್ಟುಕೋ. ಆಗ ಮೂರೇ ಮೂರು ಹುಡುಕು: 'ಡಿಸ್ಕಸ್' ಪಕ್ಕದ 'ಅಬೌಟ್' ಹೊಡೆದುಹಾಕು, 'ಎವಿಡೆನ್ಸ್' ಬಾಲದ 'ಎಸ್' ಕತ್ತರಿಸು, 'ಆಲ್ದೋ' ಬಂದ ವಾಕ್ಯದಲ್ಲಿ 'ಬಟ್' ಇದ್ದರೆ ತೆಗೆ. ಈ ಮೂರನೆಯದು ನಮ್ಮ 'ಆದರೂ' ನುಸುಳಿ ಬಂದದ್ದು.

ಕೋರ್ಸ್‌ವರ್ಕಿನಲ್ಲಿ ಶೇ. 55 ಬರಲೇಬೇಕು ಎಂಬುದು ಯುಜಿಸಿಯ 2022ರ ನಿಯಮ. 50ಕ್ಕೆ 19, ಅಂದರೆ ಶೇ. 38ರಿಂದ ಅಲ್ಲಿಗೆ ದೂರ ಅನ್ನಿಸುತ್ತದೆ. ಆದರೆ ನಿನ್ನ ಪುಟದಲ್ಲಿ ಕಳೆದ ಅಂಕ ಬಹುಪಾಲು 'ಯಾರು ಹೇಳಿದ್ದು?' ಎಂಬ ಒಂದೇ ತೂತಿನಿಂದ ಸೋರಿದೆ. ಪಾರ್ಥೇನಿಯಂ ಪ್ಯಾರಾವನ್ನು ಹೊಸದಾಗಿ ಬರೆದು ಕಳಿಸು, ನೋಡುತ್ತೇನೆ.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಇಂಜಿನಿಯರ್. ಎಂ.ಎಸ್. ಮಾಡಲು ಹೊರಗೆ ಹೋಗಬೇಕು. ಅದಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ರೈಟಿಂಗ್ ಒಂದರಲ್ಲೇ ಎರಡು ಸಲವೂ 6. ಬೇಕಾದ್ದು 6.5. ಮೊದಲ ಟಾಸ್ಕಿನ ಗ್ರಾಫ್ ಬಗ್ಗೆ ಎಷ್ಟು ಬರೆದರೂ ಕಡಿಮೆ ಅನ್ನಿಸುತ್ತದೆ. ಏನು ಮಾಡಲಿ?
— ವಿ. ಎಸ್., ಹುಬ್ಬಳ್ಳಿ

ಉತ್ತರ: ಎಷ್ಟು ಬರೆದರೂ ಕಡಿಮೆ ಅನ್ನಿಸುವುದೇ ನಿಮ್ಮ ರೋಗ. ಒಟ್ಟು 60 ನಿಮಿಷ. ಮೊದಲ ಟಾಸ್ಕಿಗೆ ಕನಿಷ್ಠ 150 ಪದ, ಎರಡನೆಯದಕ್ಕೆ ಕನಿಷ್ಠ 250. ಎರಡನೆಯದಕ್ಕೆ ಮೊದಲಿನದರ ಎರಡರಷ್ಟು ತೂಕ. ನೀವು ಗ್ರಾಫಿಗೇ ಅರ್ಧಗಂಟೆ ಕೊಟ್ಟರೆ, ಊಟಕ್ಕೆ ಮುಂಚೆ ಉಪ್ಪಿನಕಾಯಿಯಲ್ಲೇ ಹೊಟ್ಟೆ ತುಂಬಿಸಿಕೊಂಡಂತೆ. ಗ್ರಾಫಿಗೆ 20 ನಿಮಿಷ, ಗಡಿಯಾರ ನೋಡಿ ಕೈಬಿಡಿ. ಬೇಕಾದರೆ ಎರಡನೆಯದನ್ನೇ ಮೊದಲು ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ಪ್ರತಿ ವರ್ಷದ ಪ್ರತಿ ಅಂಕಿಯನ್ನೂ ಒಪ್ಪಿಸಬೇಡಿ. ದೊಡ್ಡದಾಗಿ ಏನಾಯಿತು ಎಂಬುದನ್ನು ಎರಡು ವಾಕ್ಯದಲ್ಲಿ ಹೇಳಿ, ಅದಕ್ಕೆ ಬೇಕಾದ ಅಂಕಿಯನ್ನಷ್ಟೇ ಎತ್ತಿಕೊಳ್ಳಿ. ಚಳ್ಳಕೆರೆಯ ಹುಡುಗಿಗೆ ಹೇಳಿದ ಮಾತು ನಿಮಗೂ ಅನ್ವಯ: ಗ್ರಾಫಿನಲ್ಲಿ ಕಾರು ಮಾರಾಟ ಇಳಿದದ್ದು ಕಂಡರೆ ಇಳಿಯಿತು ಅನ್ನಿ. ಪೆಟ್ರೋಲ್ ದುಬಾರಿಯಾದ್ದರಿಂದ ಇಳಿಯಿತು ಅಂತ ಗ್ರಾಫ್ ಎಲ್ಲಿ ಹೇಳಿದೆ? ಅದು ನಿಮ್ಮ ಊಹೆ. ಊಹೆಗೆ, ನಿಮ್ಮ ಅಭಿಪ್ರಾಯಕ್ಕೆ ಜಾಗ ಎರಡನೇ ಟಾಸ್ಕಿನಲ್ಲಿದೆ.

ಬರೆಯುವುದೊಂದನ್ನೇ ಮತ್ತೆ ಬರೆಯುವ 'ಒನ್ ಸ್ಕಿಲ್ ರೀಟೇಕ್' ಅನುಕೂಲ ಕಂಪ್ಯೂಟರಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಇದೆ. ದುಡ್ಡು ಕಟ್ಟುವ ಮೊದಲು, ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆಯೇ ಅಂತ ಒಂದು ಇಮೇಲ್ ಹಾಕಿ ಕೇಳಿ.

ಪ್ರಶ್ನೆ: ಎಐ ಹತ್ತಿರ ಹತ್ತು ಮಾದರಿ ಪ್ರಬಂಧ ಬರೆಸಿ ಬಾಯಿಪಾಠ ಮಾಡಿದರೆ ಹೇಗೆ ಸರ್?
— ಬಿ.ಎ. ವಿದ್ಯಾರ್ಥಿ, ತಿಪಟೂರು

ಉತ್ತರ: ನಮ್ಮ ಕಾಲದಲ್ಲಿ ಇದಕ್ಕೆ ಗೈಡ್ ಪುಸ್ತಕ ಅನ್ನುತ್ತಿದ್ದರು, ನಾಲ್ಕು ರೂಪಾಯಿ. ನಾನು 'ಗ್ರಾಮ ಜೀವನ' ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಪೇಪರಿನಲ್ಲಿ 'ನಗರ ಜೀವನ' ಬಂತು. ಹಳ್ಳಿಯ ಹಸುಗಳನ್ನೆಲ್ಲ ಪೇಟೆಗೆ ಹೊಡೆದುಕೊಂಡು ಹೋಗಿ ಹೇಗೋ ನಾಲ್ಕು ಪುಟ ತುಂಬಿಸಿದೆ. 15ಕ್ಕೆ 4 ಕೊಟ್ಟರು, ಪುಟಕ್ಕೊಂದು. ಎಐಯನ್ನು ಬಿಡಲು ಆಗದಿದ್ದರೆ ಕೆಲಸ ತಿರುಗಿಸಿ ಕೊಡಿ: ಪ್ರಬಂಧ ನೀವೇ ಬರೆಯಿರಿ, ಪ್ರತಿ ವಾಕ್ಯಕ್ಕೂ 'ಯಾರು ಹೇಳಿದ್ದು?' ಅಂತ ಕೇಳಲು ಅದಕ್ಕೆ ಹೇಳಿ. ಬೇಜಾರಿಲ್ಲದೆ ಕೇಳುತ್ತದೆ, ಕಾಫಿಯನ್ನೂ ಚೆಲ್ಲುವುದಿಲ್ಲ.