ಮಂಗೋಲಿಯನ್ ಎಂಬ ಪದದ ಅರ್ಥವೇನು, ಅದು ಎಲ್ಲಿಂದ ಬಂತು?

ಮಂಗೋಲಿಯನ್ ಎಂದರೆ ಮಂಗೋಲಿಯಾ ದೇಶಕ್ಕೆ, ಅಲ್ಲಿನ ಜನರಿಗೆ ಅಥವಾ ಅವರ ಭಾಷೆಗೆ ಸೇರಿದ್ದು ಎಂದರ್ಥ. ಮೂಲಪದ ‘ಮೊಂಗೋಲ್’, ಅದಕ್ಕೆ ಅಂಟಿಕೊಂಡಿರುವ ಬಾಲ ಮಾತ್ರ ಯುರೋಪಿನದು. ಆ ಜನ ಇಂದಿಗೂ ತಮ್ಮ ದೇಶವನ್ನು ‘ಮೊಂಗೋಲ್ ಉಲ್ಸ್’ ಎನ್ನುತ್ತಾರೆ, ‘ಉಲ್ಸ್’ ಎಂದರೆ ರಾಜ್ಯ.

ಮೊದಲಿಗೆ ಇದು ಓನೊನ್ ನದಿಯ ಆಸುಪಾಸಿನಲ್ಲಿ ಕುರಿ, ಕುದುರೆ ಸಾಕಿಕೊಂಡಿದ್ದ ಒಂದು ಬುಡಕಟ್ಟಿನ ಹೆಸರಷ್ಟೇ ಆಗಿತ್ತು. ಆ ಬುಡಕಟ್ಟಿನ ತೆಮುಜಿನ್ ಎಂಬವನು ತಾತಾರ್, ಕೆರೆಯಿತ್, ನೈಮನ್ ಮೊದಲಾದ ಬುಡಕಟ್ಟುಗಳನ್ನು ಗೆದ್ದು, 1206ರಲ್ಲಿ ಚೆಂಗೀಸ್ ಖಾನ್ ಎಂಬ ಬಿರುದಿನೊಡನೆ ಎಲ್ಲರನ್ನೂ ಒಂದೇ ಆಳ್ವಿಕೆಗೆ ತಂದಾಗ, ಗೆದ್ದವರ ಹೆಸರೇ ಸೋತವರ ಹೆಸರೂ ಆಯಿತು.

ಪಾರಸಿಯಲ್ಲಿ ನಡುವಿನ ಅನುನಾಸಿಕ ಬಿದ್ದುಹೋಗಿ ಅದು ‘ಮುಗುಲ್’ ಆಯಿತು. ನಮ್ಮ ಪಠ್ಯಪುಸ್ತಕಗಳ ‘ಮೊಘಲ್’ ಅದರದೇ ರೂಪ. ತಾಯಿಯ ಕಡೆಯಿಂದ ಚೆಂಗೀಸನ ವಂಶಕ್ಕೆ ಸೇರಿದ್ದರೂ ಬಾಬರ ಮಾತ್ರ ತನ್ನನ್ನು ತೈಮೂರನ ಕುಲದವನೆಂದೇ ಎಣಿಸಿಕೊಂಡಿದ್ದ.