ನೂಪುಟ್ಟಿಗೆ ಹನೋಯ್‌ನ ಹಂದಿ

ಪ್ರಶ್ನೆ: ಅಕ್ಕಾ, ಮಗ ವಿಯೆಟ್ನಾಂ ಪ್ರವಾಸ ಮುಗಿಸಿ ಬಂದಾಗಿನಿಂದ ‘ಬುನ್ ಚಾ ಮಾಡಿಕೊಡು’ ಅಂತ ಹಟ ಹಿಡಿದಿದ್ದಾನೆ. ಸುಟ್ಟ ಹಂದಿ ಮಾಂಸ, ಅಕ್ಕಿ ಶಾವಿಗೆಯ ಊಟವಂತೆ. ಹಂದಿ ಮಾಂಸ ಸಿಗುತ್ತದೆ, ನೂಪುಟ್ಟು (ನಮ್ಮ ಅಕ್ಕಿ ಶಾವಿಗೆ) ಒತ್ತುವ ಒರಳೂ ಇದೆ. ಮೀನಿನ ಸಾಸ್ ಮಾತ್ರ ಇಲ್ಲ. ಬದಲಿಗೆ ನಮ್ಮ ಕೊಡಗಿನ ಹುಳಿ ರಸ ಕಾಚಂಪುಳಿ ಹಾಕಬಹುದಾ? (ಓದುಗರೊಬ್ಬರು, ಪೊನ್ನಂಪೇಟೆ)

ಉತ್ತರ: ಹಾಕಬೇಡಿ ತಂಗಿ. ಕಾಚಂಪುಳಿ ಹುಳಿ, ಮೀನಿನ ಸಾಸ್ ಉಪ್ಪು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನೆತ್ತೋಲಿ ಥರದ ಸಣ್ಣ ಮೀನಿಗೆ ಉಪ್ಪು ಬೆರೆಸಿ, ದೊಡ್ಡ ಮರದ ಪೀಪಾಯಿಯಲ್ಲಿ ವರ್ಷದ ಹತ್ತಿರ ಇಟ್ಟು, ಇಳಿದ ರಸ ಅದು. ಫು ಕ್ವಾಕ್ ದ್ವೀಪದ್ದು ಬಹಳ ಹೆಸರುವಾಸಿ. ಬೆಂಗಳೂರಿಗೆ ಹೋಗುವವರ ಹತ್ತಿರ ಒಂದು ಬಾಟಲಿ ತರಿಸಿಕೊಳ್ಳಿ. ಇಡೀ ಅಡುಗೆಯಲ್ಲಿ ನೀವು ಹೊರಗಿನಿಂದ ತರಬೇಕಾದ್ದು ಅದೊಂದೇ.

ಮಗಳು ಹನೋಯ್‌ನಲ್ಲಿ ಕೆಲಸಕ್ಕಿದ್ದಾಗ ನಾನು ಒಂದು ತಿಂಗಳು ಅಲ್ಲಿದ್ದೆ. ಬುನ್ ಚಾ ಅಲ್ಲಿ ಮಧ್ಯಾಹ್ನದ ಊಟ. ಹನ್ನೊಂದು ಗಂಟೆಯಾದರೆ ಸಾಕು, ಓಣಿ ತುಂಬ ಹೊಗೆ. ಫುಟ್‌ಪಾತಿನ ಮೇಲೆ ಕೆಂಡದ ಒಲೆ, ಎರಡು ತಂತಿ ಜಾಲರಿಗಳ ನಡುವೆ ಸಿಕ್ಕಿಸಿದ ಹಂದಿ ಮಾಂಸ, ಬೀಸಣಿಗೆ ಹಿಡಿದು ಕೂತ ಅಜ್ಜಿ. ಕೊಬ್ಬು ತೊಟ್ಟಿಕ್ಕಿದಾಗಲೆಲ್ಲ ಕೆಂಡ ಚುಂಯ್ ಅನ್ನುತ್ತಿತ್ತು. ಆ ಹೊಗೆ ಮತ್ತೆ ಮಾಂಸಕ್ಕೇ ಹತ್ತುತ್ತಿತ್ತು. ಅಜ್ಜಿ ಸುಟ್ಟ ತುಂಡುಗಳನ್ನು ತಟ್ಟೆಗೆ ಹಾಕಲಿಲ್ಲ. ಬಿಸಿ ಬಿಸಿಯಾಗಿಯೇ ಸಾಸಿನ ಬಟ್ಟಲಿಗೆ ಬಿಟ್ಟರು. ತಿಳಿ ಸಾಸಿನ ಮೇಲೆ ಎಣ್ಣೆಯ ಪುಟ್ಟ ಪುಟ್ಟ ಕಣ್ಣುಗಳು ತೇಲಿದವು. ಬುನ್ ಚಾದ ರುಚಿ ಹುಟ್ಟುವುದೇ ಅಲ್ಲಿ. ಅದಕ್ಕೇ ಗ್ಯಾಸಿನ ಮೇಲೆ ತವಾ ಇಟ್ಟು ಹುರಿಯಬೇಡಿ. ಹಿತ್ತಲಲ್ಲಿ ಕೆಂಡ ಮಾಡಿ.

ಅರ್ಧ ಕಿಲೋ ಕೊಚ್ಚಿದ ಹಂದಿ ಮಾಂಸ ತಗೊಳ್ಳಿ. ಕೊಬ್ಬು ಇರಲೇಬೇಕು. ಸಣ್ಣಗೆ ಹೆಚ್ಚಿದ 5 ಸಣ್ಣ ಈರುಳ್ಳಿ, 4 ಎಸಳು ಬೆಳ್ಳುಳ್ಳಿ, 2 ಚಮಚ ಮೀನಿನ ಸಾಸ್, 1 ಚಮಚ ಸಕ್ಕರೆ, ನಿಮ್ಮ ತೋಟದ್ದೇ ಕಾಳುಮೆಣಸಿನ ಪುಡಿ ಸೇರಿಸಿ ಎರಡು ಗಂಟೆ ಬಿಡಿ. ಆಮೇಲೆ ಸಣ್ಣ ಸಣ್ಣದಾಗಿ ಚಪ್ಪಟೆ ತಟ್ಟಿ ಸುಡಿ. ಮಾಂಸ ಒಳಗೆ ಪೂರ್ತಿ ಬೇಯಬೇಕು, ಅಂಚು ಕಪ್ಪಾಗಬೇಕು.

ಸಾಸಿನ ಲೆಕ್ಕ ಹೀಗೆ: ಮೀನಿನ ಸಾಸ್ 1 ಪಾಲು, ಸಕ್ಕರೆ 1, ನಿಂಬೆ ರಸ 1, ಉಗುರು ಬೆಚ್ಚಗಿನ ನೀರು 5. ಮೊದಲು ನೀರಲ್ಲಿ ಸಕ್ಕರೆ ಕರಗಿಸಿ. ಕೊನೆಗೆ ಬೆಳ್ಳುಳ್ಳಿ, ಗಾಂಧಾರಿ ಮೆಣಸು ಹೆಚ್ಚಿ ಹಾಕಿ. ಪಪ್ಪಾಯಿ ಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಸವರಿ, ಹಿಂಡಿ ಇದರಲ್ಲೇ ಬಿಡಿ. ನೆಕ್ಕಿ ನೋಡಿದರೆ ಸಿಹಿ, ಹುಳಿ, ಉಪ್ಪು ಮೂರೂ ಒಟ್ಟಿಗೇ ಗೊತ್ತಾಗಬೇಕು. ಯಾವುದೂ ಮುಂದೆ ನುಗ್ಗಬಾರದು. ಒಂದು ವಾರ ಈ ಸಾಸೊಂದನ್ನೇ ಮಾಡಿ ಕೈ ಕೂರಿಸಿಕೊಂಡರೂ ನಷ್ಟವಿಲ್ಲ, ಅರ್ಧ ವಿಯೆಟ್ನಾಂ ಅಡುಗೆ ಬಂದ ಹಾಗೆ.

ಅವರ ಬುನ್ ಅಂದರೆ ಅಕ್ಕಿಯ ದುಂಡು ಶಾವಿಗೆ. ನೂಪುಟ್ಟು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಒತ್ತಿದ ಮೇಲೆ ಪೂರ್ತಿ ಆರಲು ಬಿಡಿ. ಪುದೀನ, ಕೊತ್ತಂಬರಿ, ಲೆಟಿಸ್ ಎಲೆ ಹರಿದು ಪಕ್ಕದಲ್ಲಿಡಿ. ಒಂದೊಂದು ತುತ್ತಿನಷ್ಟೇ ನೂಪುಟ್ಟನ್ನು ಬಟ್ಟಲಿಗೆ ಅದ್ದಿ, ಮಾಂಸದ ಜೊತೆ ತಿನ್ನಬೇಕು. ಒಮ್ಮೆಲೇ ಸುರಿದರೆ ಮುದ್ದೆಯಾಗುತ್ತದೆ.

ಪ್ರಶ್ನೆ: ಕೋಳಿ ಹಾಕಿ ವಿಯೆಟ್ನಾಂನ ನೂಡಲ್ಸ್ ಸಾರು ‘ಫೋ’ ಮಾಡಿದೆ. ಸಾರು ಮಬ್ಬಾಯಿತು, ಬಿರಿಯಾನಿ ವಾಸನೆ ಬಂತು. ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿ ಗರಂ ಮಸಾಲೆ ಹಾಕಿದ್ದೆ. (ಸೋಮವಾರಪೇಟೆ)

ಉತ್ತರ: ಎರಡು ತಪ್ಪೂ ನಿಮ್ಮ ಪತ್ರದಲ್ಲೇ ಇವೆ. ಕುಕ್ಕರ್ ಬೇಡ, ಪುಡಿ ಬೇಡ. ಕೋಳಿಯ ಫೋ ಹನೋಯ್‌ನಲ್ಲೂ ಮಾಡುತ್ತಾರೆ, ಅದರಲ್ಲಿ ನೀವು ತಪ್ಪಿಲ್ಲ.

ಎರಡು ಈರುಳ್ಳಿ, ಮೂರು ಬೆರಳುದ್ದ ಶುಂಠಿ. ಸಿಪ್ಪೆ ಸಮೇತ ಸೌದೆ ಒಲೆಯ ಕೆಂಡದಲ್ಲಿ ಹುಗಿದು ಸುಡಿ. ಹೊರಗೆ ಇದ್ದಿಲಿನ ಹಾಗೆ ಆದ ಮೇಲೆ ಕಪ್ಪನ್ನು ಕೆರೆದು ತೊಳೆಯಿರಿ. 3 ಚಕ್ರಮೊಗ್ಗು, ಒಂದು ತುಂಡು ಚಕ್ಕೆ, 4 ಲವಂಗ, ಒಂದು ಚಮಚ ಕೊತ್ತಂಬರಿ ಬೀಜ ಇಷ್ಟನ್ನು ಬೆಚ್ಚಗೆ ಹುರಿದು ಬಟ್ಟೆಯಲ್ಲಿ ಕಟ್ಟಿ. ಒಂದೂವರೆ ಕಿಲೋ ನಾಟಿ ಕೋಳಿಗೆ 3 ಲೀಟರ್ ನೀರು. ಮೊದಲ ಕುದಿಯಲ್ಲಿ ಏಳುವ ನೊರೆ ತೆಗೆದು, ಆಮೇಲೆ ಉರಿ ಇಳಿಸಿ. ಮುಚ್ಚಳ ತೆರೆದಿರಲಿ, ಗುಳ್ಳೆ ಅಲ್ಲೊಂದು ಇಲ್ಲೊಂದು ಬಂದರೆ ಸಾಕು. ಕೊತಕೊತ ಕುದಿಸಿದರೆ ಕೊಬ್ಬು ನೀರಿಗೆ ಬೆರೆತು ಸಾರು ಮಬ್ಬಾಗುತ್ತದೆ. ಮಾಂಸ ಬೆಂದಾಗ ಬಿಡಿಸಿಕೊಂಡು ಮೂಳೆಗಳನ್ನು ಮತ್ತೆ ಪಾತ್ರೆಗೆ ಹಾಕಿ. ಮಸಾಲೆ ಗಂಟನ್ನು ಕೊನೆಯ ಮುಕ್ಕಾಲು ಗಂಟೆ ಮಾತ್ರ ಬಿಡಿ. ಸೋಸಿ, ಕೊನೆಗೆ ಮೀನಿನ ಸಾಸ್. ಅರಿಸಿನ, ಖಾರದ ಪುಡಿ ಹತ್ತಿರವೂ ಬೇಡ. ಇದಕ್ಕೆ ಅಂಗಡಿಯ ಚಪ್ಪಟೆ ಅಕ್ಕಿ ನೂಡಲ್ಸೇ ಸರಿ. ಬಿಸಿ ಸಾರಲ್ಲಿ ನೂಪುಟ್ಟು ನಿಲ್ಲುವುದಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ನಮಗೇನಾದರೂ ಇದೆಯಾ? (ಕುಶಾಲನಗರ)

ಉತ್ತರ: ಖಂಡಿತ ಇದೆ. ಅಲ್ಲಿನ ಎಷ್ಟೋ ಬೌದ್ಧರು ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ‘ಚಾಯ್’ ಅಂತ ಬೋರ್ಡ್ ಇದ್ದರೆ ಸಸ್ಯಾಹಾರ. ಬಾನ್ ಸೆಓ ಅನ್ನುವ ಅಲ್ಲಿನ ಗರಿಗರಿ ಅಕ್ಕಿ ದೋಸೆ ಮಾಡಿ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಚಿಟಿಕೆ ಅರಿಸಿನ, ನೀರು ಸೇರಿಸಿ ನೀರುದೋಸೆಯ ಹದಕ್ಕೆ ಕಲಸಿ ಅರ್ಧ ಗಂಟೆ ಬಿಡಿ. ಕಾದ ಕಾವಲಿಗೆ ಹೊಯ್ದು, ಅಣಬೆ, ಮೊಳಕೆ ಹೆಸರು ಹಾಕಿ, ಗರಿಗರಿಯಾದಾಗ ಮಡಚಿ. ‘ಸೆಓ’ ಅಂದರೆ ಕಾವಲಿಯ ಆ ಸುಯ್ ಶಬ್ದವೇ. ಅದು ಕೇಳದಿದ್ದರೆ ಕಾವಲಿ ಕಾದಿಲ್ಲ ಅಂತ. ಅದ್ದಿಕೊಳ್ಳಲು ಸೋಯಾ ಸಾಸ್, ನಿಂಬೆ, ಸಕ್ಕರೆ.

ಪ್ರಶ್ನೆ: ನಮ್ಮ ತೋಟದ ರೋಬಸ್ಟಾದಲ್ಲಿ ಅವರ ಮೊಟ್ಟೆ ಕಾಫಿ ಆಗುತ್ತದಾ? (ಸಿದ್ದಾಪುರ)

ಉತ್ತರ: ಅದಕ್ಕೆ ಬೇಕಾದ್ದೇ ರೋಬಸ್ಟಾ ಅಣ್ಣ. ಜಗತ್ತಿನಲ್ಲಿ ರೋಬಸ್ಟಾವನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವವರು ಅವರು. 1946ರಲ್ಲಿ ಹನೋಯ್‌ನಲ್ಲಿ ಹಾಲಿಗೆ ಬರ ಬಂದಾಗ, ಅಲ್ಲಿನ ಮೆಟ್ರೊಪೋಲ್ ಹೋಟೆಲಿನಲ್ಲಿದ್ದ ನ್ಯುಯೆನ್ ವಾನ್ ಗಿಯಾಂಗ್ ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿದರು. ಎರಡು ತಾಜಾ ಮೊಟ್ಟೆಯ ಹಳದಿ, 2 ಚಮಚ ಕಂಡೆನ್ಸ್ಡ್ ಮಿಲ್ಕ್ ಸೇರಿಸಿ ಬೆಣ್ಣೆ ಬಣ್ಣದ ನೊರೆಯಾಗುವ ತನಕ ಕಡೆಯಿರಿ. ಚಿಕೋರಿ ಬೆರೆಸದ ಪುಡಿಯ ಮೊದಲ ಡಿಕಾಕ್ಷನ್ ಬಿಸಿ ಬಿಸಿಯಾಗಿ ಲೋಟಕ್ಕೆ ಹಾಕಿ, ಮೇಲೆ ನೊರೆ ಬಿಡಿ. ಆರದ ಹಾಗೆ ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಇಡಿ. ಮೊದಲು ಚಮಚದಲ್ಲಿ ನೊರೆ ತಿನ್ನಿ, ಆಮೇಲೆ ಕಲಕಿ ಕುಡಿಯಿರಿ.